ಕೈಮಾತು

ನನ್ನ ಮಗಳು ಕಪ್ಪು-ಬಿಳಿ ಬಿಲ್ಲೆಗಳ ಆಟದ ಮಣೆಯನ್ನು ನನ್ನ ಅಪ್ಪನ ಮುಂದಿಟ್ಟಾಗ ತಡೆಯಲು ಹೋದೆ. ಲಕ್ವ ಹೊಡೆದು ಮಾತು ನಿಂತ ಮೇಲೆ ಅಪ್ಪ ಯಾರನ್ನೂ ಹತ್ತಿರ ಸೇರಿಸುತ್ತಿರಲಿಲ್ಲ. ನಾಶಿಕ್‌ನಲ್ಲೇ ಬೆಳೆದ ಮಗಳಿಗೆ ಕನ್ನಡ ಅಷ್ಟಕ್ಕಷ್ಟೇ. ಕಾಲೇಜಿನಲ್ಲಿ ಅವಳು ಕಲಿಯುತ್ತಿರುವುದು ಚೀನಿ ಭಾಷೆ.

“ಅಜ್ಜಾ, ಚೀನಿಯೊಳಗ ಈ ಆಟಕ್ಕ ‘ಶೋಥಾನ್’ ಅಂತನೂ ಅಂತಾರ. ಅಂದ್ರ ಕೈಮಾತು. ಆಡೋವಾಗ ಬಾಯಿ ಬಿಡೋದೇ ಬ್ಯಾಡ. ನನಗ ಕನ್ನಡ ನೀಟ್ ಬರಂಗಿಲ್ಲ, ನಿಮಗ ಮಾತು ಬರಂಗಿಲ್ಲ. ಚಲೇಗಾ ನಾ?”

ಅಪ್ಪ ಅವಳನ್ನೇ ದಿಟ್ಟಿಸಿದರು. ಆಮೇಲೆ, ಅಭ್ಯಾಸವಿಲ್ಲದ ಎಡಗೈಯಿಂದ ಕಪ್ಪು ಬಿಲ್ಲೆಯೊಂದನ್ನು ಎತ್ತಿ ಮಣೆಯ ನಡುವೆ ಇಟ್ಟರು.

“ಏನಾದ್ರೂ ಮಾತಾಡ್ರಿ ಅಪ್ಪಾ” ಎಂದು ಪೀಡಿಸುವುದನ್ನು ಈಗ ಬಿಟ್ಟಿದ್ದೇನೆ. ಸಂಜೆ ಅವರೆದುರು ಕೂತು ನಾನೂ ಬಿಲ್ಲೆ ಇಡುತ್ತೇನೆ. ತಪ್ಪು ಜಾಗದಲ್ಲಿಡಲು ಹೋದರೆ ಅಪ್ಪ ನನ್ನ ಕೈ ಹಿಡಿದು ನಿಲ್ಲಿಸುತ್ತಾರೆ. ಕೆಲವೊಮ್ಮೆ ಹಿಡಿದ ಕೈಯನ್ನು ಬಿಡುವುದೇ ಇಲ್ಲ.