ಅಬ್ಲಾ ಇನ್ಸಾಫ್ ಮತ್ತು ಕದಲದ ಡೌನ್‌ಲೋಡ್

ಅಬ್ಲಾ ಇನ್ಸಾಫ್, ಅಂದರೆ ಇನ್ಸಾಫ್ ಅಕ್ಕ, ನಮ್ಮ ಕಟ್ಟಡದ ನಾಲ್ಕನೇ ಮಹಡಿಯಲ್ಲಿ ಒಬ್ಬರೇ ಇದ್ದಾರೆ. ನಮ್ಮೂರು ದಮಿಯೆತ್ತಾದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತೊಂದು ವರ್ಷ ದುಡಿದು ನಿವೃತ್ತರಾದವರು. ಮೊಣಕಾಲಿನ ನೋವಿನಿಂದ ಮೆಟ್ಟಿಲಿಳಿಯುವುದು ಹಬ್ಬಗಳಲ್ಲಿ ಮಾತ್ರ. ಆದರೂ ಕಟ್ಟಡದಲ್ಲಿ ಯಾರ ಮನೆಯ ಕಂಪ್ಯೂಟರ್ ಮುನಿಸಿಕೊಂಡರೂ ಎಲ್ಲರೂ ಮೊದಲು ಕರೆಯುವುದು ಅವರನ್ನೇ. ಕರೆಯುವುದೆಂದರೆ ಅಡುಗೆಮನೆಯ ಕಿಟಕಿ ತೆರೆದು ಮನ್ವರಿನಲ್ಲಿ ಕೂಗುವುದು. ಕಟ್ಟಡದ ನಡುವೆ ಗಾಳಿ ಬೆಳಕಿಗೆಂದು ಬಿಟ್ಟ ಬಾವಿಯಂಥ ಜಾಗ ಅದು. ಎಲ್ಲರ ಅಡುಗೆಮನೆಗಳೂ ಅದಕ್ಕೇ ತೆರೆದುಕೊಂಡಿವೆ. ಒಬ್ಬರ ಬೆಳ್ಳುಳ್ಳಿ ಒಗ್ಗರಣೆ ಐದು ಮನೆಗೆ ಗೊತ್ತಾಗುತ್ತದೆ, ಜಗಳವೂ ಹಾಗೆಯೇ.

ಅವರು ನನಗೆ ಮಾಡಿದ ಉಪಕಾರವನ್ನು ಬರೆದಿಡಬೇಕೆಂದು ಕೂತಿದ್ದೇನೆ. ಇಲ್ಲಿ ಹೇಳುವ ಸಮಯಗಳು ಸರಿಯಾಗಿವೆ, ಅವತ್ತೇ ಗುರುತು ಹಾಕಿಕೊಂಡಿದ್ದೆ.

ನಾನು ಶಾಲೆ ಬಿಟ್ಟು ಎರಡು ವರ್ಷವಾಗಿತ್ತು. ಕಾರಣ ಇಲ್ಲಿ ಬೇಡ. ಮನೆಯಲ್ಲಿ ನಾನು ಮತ್ತು ಬಾಬಾ, ಅಂದರೆ ಅಪ್ಪ, ಇಬ್ಬರೇ. ಬಾಬಾ ಕುರ್ಚಿ, ಮಂಚಗಳಿಗೆ ಪಾಲಿಶ್ ಹಾಕುವವರು. ಕಟ್ಟಡದವರಿಗೆಲ್ಲ ಅವರು ಉಸ್ತಾ ಶಹಾತಾ, ಉಸ್ತಾ ಎಂದರೆ ಕೈಕಸುಬಿನ ಮೇಸ್ತ್ರಿ. ನಮ್ಮೂರಿನ ತರಬೇತಿ ಕೇಂದ್ರವೊಂದು ಪೀಠೋಪಕರಣಗಳ ನಕ್ಷೆ ಬರೆಯಲು ಕಲಿಸುವ ಕೋರ್ಸು ಶುರುಮಾಡಿತ್ತು. ಶಾಲೆಯ ಸರ್ಟಿಫಿಕೇಟು ಕೇಳುವುದಿಲ್ಲ, ಪ್ರವೇಶ ಪರೀಕ್ಷೆಯಲ್ಲಿ ಪಾಸಾದರೆ ಸಾಕು. ಇಪ್ಪತ್ತು ಸೀಟು. ಪರೀಕ್ಷೆ ಗುರುವಾರ ಮಧ್ಯಾಹ್ನ ಮೂರಕ್ಕೆ, ಕಂಪ್ಯೂಟರಿಗೆ ಇಳಿಸಿಕೊಂಡ ಅವರ ಆ್ಯಪಿನಲ್ಲಿ. ಮೂರೂಕಾಲರೊಳಗೆ ಪರೀಕ್ಷೆಯ ಪುಟ ತೆರೆಯದಿದ್ದರೆ ಮುಂದಿನ ವರ್ಷದ ತನಕ ಕಾಯಬೇಕು.

ಬುಧವಾರ ಸಂಜೆ ಡೌನ್‌ಲೋಡಿಗೆ ಒತ್ತಿ ಮಲಗಿದೆ. ಗುರುವಾರ ಬೆಳಿಗ್ಗೆ ನೋಡಿದರೆ ಒಂದು ಕೂದಲಷ್ಟೂ ಮುಂದೆ ಹೋಗಿರಲಿಲ್ಲ. ಕಂಪ್ಯೂಟರನ್ನು ಎರಡು ಸಲ ಆರಿಸಿ ಹಚ್ಚಿದೆ. ನೆಟ್ಟಿನ ಡಬ್ಬಿಯ ವೈರು ಕಿತ್ತು ಮತ್ತೆ ಚುಚ್ಚಿದೆ. ಮನೆಯಲ್ಲಿದ್ದ ಒಂದೇ ಫೋನು ತೆಗೆದುಕೊಂಡು ಬಾಬಾ ಕಾರ್ಖಾನೆಗೆ ಹೋಗಿಯಾಗಿತ್ತು. ಹನ್ನೆರಡೂವರೆಗೆ ಅಡುಗೆಮನೆಯ ಕಿಟಕಿ ತೆರೆದೆ.

"ಅಬ್ಲಾ ಇನ್ಸಾಫ್..."

ನಮ್ಮ ಮನೆಯ ಮೇಲೆ ಎರಡನೇ ಮಹಡಿಯಲ್ಲಿರುವ ಉಮ್ ಸಾಬಿರ್, ಸಾಬಿರನ ಅಮ್ಮ, ಕಿಟಕಿಯಿಂದ ಕೆಳಗೆ ಬಗ್ಗಿದರು. "ಇದೇನೇ, ಬೆಕ್ಕಿನ ಮರಿ ಥರ? ಜೋರಾಗಿ ಕೂಗು, ಕೂಗೋಕೇನು ತೆರಿಗೆ ಕಟ್ಬೇಕಾ?" ಎಂದವರು ತಾವೇ ಮೇಲೆ ಮುಖಮಾಡಿ ಕೂಗಿದರು: "ಅಬ್ಲಾ ಇನ್ಸಾಫ್! ಉಸ್ತಾ ಶಹಾತಾರ ಮಗಳು ನವ್ವಾರಾ ಕರೀತಿದಾಳೆ! ಮುಖ ನೋಡಿದ್ರೆ ಯಾರೋ ಸತ್ತ ಹಾಗಿದೆ!"

ಮೇಲಿನ ಕಿಟಕಿ ತೆರೆಯಿತು. "ಹಲೋ, ಹೇಳಿ," ಎಂದರು ಅಬ್ಲಾ ಇನ್ಸಾಫ್. ನಿವೃತ್ತಿಯಾದರೂ ಕಿಟಕಿ ತೆರೆಯುವಾಗ ಅವರು ಹೇಳುವುದು ಹಾಗೆಯೇ.

"ಕಂಪ್ಯೂಟರ್ ಕೆಟ್ಟಿದೆ ಅಬ್ಲಾ. ಪರೀಕ್ಷೆ ಆ್ಯಪ್ ಇಳೀತಾ ಇಲ್ಲ. ಮೂರು ಗಂಟೆಗೆ ಪರೀಕ್ಷೆ."

"ಕೆಟ್ಟಿದೆ ಅಂತ ನಿನಗೆ ಹೇಳಿದ್ಯಾರು? ಅಳೋದಿದ್ರೆ ಅತ್ಕೋ, ಪರವಾಗಿಲ್ಲ. ಆಮೇಲೆ ಹೋಗಿ ಪರದೆ ಮೇಲೆ ಏನು ಬರೆದಿದೆಯೋ ಅದನ್ನ ಓದ್ಕೊಂಡು ಬಾ. ನಿಂಗೆ ಅನ್ನಿಸಿದ್ದಲ್ಲ, ಬರೆದಿರೋದು."

ಓಡಿ ಹೋಗಿ ಓದಿಕೊಂಡು ಬಂದೆ. "'ಕಾಯುತ್ತಿದೆ' ಅಂತಿದೆ."

"ನೋಡಿದ್ಯಾ? ಕೆಟ್ಟಿಲ್ಲ, ಕಾಯ್ತಿದೆ. ಯಾರಿಗೋಸ್ಕರ ಕಾಯ್ತಿದೆ ಅಂತ ಹುಡುಕೋದಷ್ಟೇ ನಮ್ಮ ಕೆಲಸ."

ಅವರು ಒಂದೊಂದಾಗಿ ಕೇಳುತ್ತಾ ಹೋದರು, ನಾನು ಕೋಣೆಗೂ ಕಿಟಕಿಗೂ ಓಡಾಡಿದೆ. ಬೇರೆ ಪುಟಗಳು ತೆರೆಯುತ್ತವೆಯೇ? ತೆರೆಯುತ್ತಿದ್ದವು. ಹಾಗಾದರೆ ಲೈನು ಸತ್ತಿಲ್ಲ. ಡಿಸ್ಕಿನಲ್ಲಿ ಜಾಗವಿದೆಯೇ? ಬೇಕಾದಷ್ಟಿತ್ತು. ಗಡಿಯಾರ ಸರಿಯಿದೆಯೇ? ಬೇಸಿಗೆಗೆಂದು ಸರಕಾರ ಊರಿನ ಗಡಿಯಾರಗಳನ್ನೆಲ್ಲ ಒಂದು ಗಂಟೆ ಮುಂದೆ ಹಾಕಿಸಿದಾಗ ಕೈಯಿಂದ ತಿರುಗಿಸಿದವರ ಕಂಪ್ಯೂಟರುಗಳೆಲ್ಲ ಒಂದು ಗಂಟೆ ಆಚೀಚೆಯಾಗಿವೆಯಂತೆ. ನಮ್ಮದು ಸರಿಯಾಗಿತ್ತು.

"ಆ ಆ್ಯಪಿನ ಮುಂದೆ ಇನ್ಯಾರಾದ್ರೂ ಸಾಲಲ್ಲಿ ನಿಂತಿದಾರಾ ನೋಡು."

ನಿಂತಿದ್ದವು. ಹಳೆಯ ಐದು ಅಪ್‌ಡೇಟುಗಳು ಎರಡು ತಿಂಗಳಿಂದ ಹಾಗೇ ಬಿದ್ದಿದ್ದವು.

"ಬ್ರೆಡ್ ಅಂಗಡಿ ಕ್ಯೂ ಆಯ್ತಲ್ಲ!" ಎಂದರು ಉಮ್ ಸಾಬಿರ್. ಅವರು ಸೊಪ್ಪು ಹೆಚ್ಚುವ ಹಲಗೆಯನ್ನು ಕಿಟಕಿಯ ಹತ್ತಿರಕ್ಕೇ ತಂದುಕೊಂಡಿದ್ದರು.

"ಐದನ್ನೂ ಸಾಲಿಂದ ತೆಗಿ," ಎಂದರು ಅಬ್ಲಾ. "ಒಂದು ತೆಗೆದ ಮೇಲೆ ಇನ್ನೊಂದು. ಅವಸರ ಬೇಡ."

ತೆಗೆದೆ. ಸಾಲಿನಲ್ಲಿ ನನ್ನದೊಂದೇ ಉಳಿಯಿತು. ಆದರೂ 'ಕಾಯುತ್ತಿದೆ' ಎಂದೇ ಇತ್ತು. ಆ್ಯಪ್ ಸ್ಟೋರ್ ಕೂಡಿಟ್ಟುಕೊಂಡ ಹಳೆಯ ಕಸ ಗುಡಿಸುವ ಆದೇಶವನ್ನು ಅವರು ಅಕ್ಷರ ಅಕ್ಷರವಾಗಿ ಹೇಳಿದರು. ಪ್ರತಿ ಅಕ್ಷರವನ್ನೂ ನಾನು ತಿರುಗಿ ಹೇಳಬೇಕಿತ್ತು. ಅಷ್ಟು ಜನ ಕೇಳುತ್ತಿರುವಾಗ ಅಷ್ಟು ಗಟ್ಟಿಯಾಗಿ ನಾನು ಎಂದೂ ಮಾತಾಡಿದವಳಲ್ಲ. ಅದೂ ಆಯಿತು. ಅದರಿಂದಲೂ ಏನೂ ಆಗಲಿಲ್ಲ.

ಗಂಟೆ ಎರಡಾಗಿತ್ತು. ಅಬ್ಲಾಗೂ ದಾರಿ ಮುಗಿಯಿತೇನೋ ಎಂದುಕೊಂಡೆ.

"ನವ್ವಾರಾ, ಈಗ ಲೈನನ್ನೇ ಕೇಳೋಣ. ಸೆಟ್ಟಿಂಗಲ್ಲಿ ನೆಟ್ ಸಂಪರ್ಕದ ಪುಟ ತೆಗಿ. ಮೇಲಿಂದ ಕೆಳಗಿನ ತನಕ ಪೂರ್ತಿ ಓದು. ಅರ್ಥ ಆಗದಿದ್ರೂ ಬಿಡಬೇಡ."

ಆ ಪುಟವನ್ನು ಒಂದು ಚೀಟಿಗೆ ಬರೆದುಕೊಂಡು ಬಂದು ಓದತೊಡಗಿದೆ. ನಾಲ್ಕನೇ ಸಾಲಿಗೆ ಅವರು ತಡೆದರು.

"ಏನಂದೆ? ಇನ್ನೊಂದ್ಸಲ."

"'ಅಳತೆಯ ಸಂಪರ್ಕ: ಚಾಲೂ ಇದೆ.'"

"ಅಳತೆ!" ಎಂದು ಅವರು ಕಿಟಕಿಯ ಚೌಕಟ್ಟಿಗೆ ಕೈ ಬಡಿದರು. "ನನ್ನ ಬುದ್ಧಿಗಿಷ್ಟು! ಮೂವತ್ತೊಂದು ವರ್ಷ ಅದೇ ಮೀಟರ್ ಮುಂದೆ ಕೂತಿದ್ದೆ, ಅದನ್ನೇ ಮೊದಲು ಕೇಳಲಿಲ್ಲ. ಮೀಟರ್ ಓಡೋ ಟ್ರಂಕ್ ಕಾಲಲ್ಲಿ ಯಾರಾದ್ರೂ ಪುರಾಣ ಹೇಳ್ತಾರಾ? ಚೆನ್ನಾಗಿದೀಯಾ, ಚೆನ್ನಾಗಿದೀನಿ, ಇಟ್ಟೆ. ನಿಮ್ಮ ಕಂಪ್ಯೂಟರೂ ಹಾಗೇ ಅಂದ್ಕೊಂಡಿದೆ. ಚಿಕ್ಕ ಪುಟ ತೆಗೆಯತ್ತೆ, ದೊಡ್ಡ ಸಾಮಾನು ತರಲ್ಲ. ಅದನ್ನ ಯಾರು ಒತ್ತಿದ್ದು, ನೀನಾ?"

"ಇಲ್ಲ ಅಬ್ಲಾ, ನಾನು ಆ ಪುಟ ನೋಡಿದ್ದೇ ಇವತ್ತು."

ಉಮ್ ಸಾಬಿರರ ಚಾಕು ನಿಂತಿತ್ತು. "ಅಯ್ಯೋ ದೇವರೇ," ಎಂದರು ಮೆಲ್ಲಗೆ. "ನಮ್ಮನೆಯವ್ರದ್ದೇ ಕೆಲಸ. ಕಾಫಿ ಅಂಗಡೀಲಿ ಯಾರೋ ಹೇಳಿಕೊಟ್ರಂತೆ, ಆ ಗುಂಡಿ ಒತ್ತಿದ್ರೆ ತಿಂಗಳಿಗೆ ಕೊಡೋ ನೆಟ್ಟಿನ ಗಿಗಾ ಕೊನೆ ದಿನದ ತನಕ ಬರತ್ತೆ ಅಂತ. ನಮ್ಮನೇಲಿ ಒತ್ತಿದ್ರು, ನಿಮ್ಮ ಬಾಬಾಗೂ ಒತ್ತಿಕೊಟ್ರು, ಮೂರನೇ ಮಹಡಿಯವ್ರಿಗೂ ಒತ್ತಿದ್ರು. ದೊಡ್ಡ ಇಂಜಿನಿಯರ್ ಥರ ಮೂರು ಮನೇಲೂ ಚಹಾ ಕುಡಿದು ಬಂದ್ರು!"

ಮೂರನೇ ಮಹಡಿಯಿಂದ, ಅಷ್ಟು ಹೊತ್ತು ಕಾಣಿಸಿಕೊಳ್ಳದ ಒಂದು ಹೆಂಗಸಿನ ದನಿ ಬಂತು: "ಓ, ಅದಕ್ಕೇನಾ ನಮ್ಮದು ಎರಡು ತಿಂಗಳಿಂದ ಹಿಡಿದ ಹಠ ಬಿಡ್ತಿಲ್ಲ! ಬರಲಿ ಇವತ್ತು ನಿಮ್ಮ ಇಂಜಿನಿಯರು!"

"ಜಗಳ ಸಂಜೆಗಿರಲಿ," ಎಂದರು ಅಬ್ಲಾ. "ನವ್ವಾರಾ, ಆ ಗುಂಡಿ ಆರಿಸು. ಅದೊಂದೇ. ಬೇರೇನೂ ಮುಟ್ಟಬೇಡ."

ಆರಿಸಿದೆ. ಎರಡೂ ಇಪ್ಪತ್ತಕ್ಕೆ 'ಕಾಯುತ್ತಿದೆ' ಅಳಿಸಿಹೋಗಿ ಹಸಿರು ಗೆರೆ ಕದಲಿತು. ಕಿಟಕಿಗೆ ಓಡಿ ಬಂದೆ. ಆಯಿತೆಂದು ಜೋರಾಗಿ ತಲೆಯಾಡಿಸಿದೆ. ಉಮ್ ಸಾಬಿರ್ ಅದನ್ನು ನೋಡಿ ಝಗ್ರೂತಾ ಹಾಕಿದರು, ಮದುವೆಮನೆಯಲ್ಲಿ ಹೆಂಗಸರು ನಾಲಿಗೆ ತಿರುಗಿಸಿ ಕೂಗುತ್ತಾರಲ್ಲ, ಹಾಗೆ. ಎರಡೂ ನಲವತ್ತೆಂಟಕ್ಕೆ ಆ್ಯಪ್ ತೆರೆಯಿತು. ಮೂರಕ್ಕೆ ಪರೀಕ್ಷೆಯ ಮೊದಲ ಪುಟದಲ್ಲಿ ನನ್ನ ಹೆಸರು ಬರೆದೆ.

ಪರೀಕ್ಷೆ ಮುಗಿದ ಮೇಲೆ ಮೆಟ್ಟಿಲು ಹತ್ತಿ ಅವರ ಮನೆಗೆ ಹೋದೆ. ಕಾಲನ್ನು ಸ್ಟೂಲಿನ ಮೇಲಿಟ್ಟುಕೊಂಡು ಕೂತಿದ್ದರು. ಎರಡು ಗಂಟೆ ಕಿಟಕಿಯಲ್ಲಿ ನಿಂತದ್ದಕ್ಕೆ ಮೊಣಕಾಲು ಊದಿಕೊಂಡಿತ್ತು. ನೋಡಿ ನನಗೆ ಸಂಕಟವಾಯಿತು.

"ಇದೇನು, ಮುಖ ಮತ್ತೆ ಹಾಗೆ ಮಾಡ್ಕೊಂಡಿದೀಯ? ಬರೆದ್ಯಾ ತಾನೆ?"

"ಬರೆದೆ ಅಬ್ಲಾ. ನೀವಿಲ್ಲದಿದ್ರೆ..."

"ಸಾಕು ಸಾಕು. ಒಂದು ಮಾತು ಕೇಳು. ನಿಮ್ಮ ಬಾಬಾ ಬಂದಾಗ ರೇಗಬೇಡ. ಆ ಗುಂಡಿ ಒತ್ತೋ ಮುಂಚಿನ ತಿಂಗಳು ಗಿಗಾ ಖಾಲಿಯಾಗಿದ್ದು ಯಾವತ್ತು?"

"ಹದಿನೆಂಟಕ್ಕೆ."

"ಆಮೇಲೆ ನೀನು ನೆಟ್ಟಲ್ಲಿ ನೋಡೋ ನಕ್ಷೆ ಪಾಠಗಳು?"

ಒಂದನೇ ತಾರೀಖಿನ ತನಕ ನಿಂತೇ ಹೋಗಿದ್ದವು. ಬಾಬಾರ ಹತ್ತಿರ ಅದನ್ನು ನಾನು ಹೇಳಿರಲಿಲ್ಲ. ಹೇಳದಿದ್ದರೂ ಅವರು ಗಮನಿಸಿದ್ದರೆಂದು ನನಗೆ ಹೊಳೆದದ್ದು ಅಬ್ಲಾ ಇನ್ಸಾಫರ ಮುಂದೆ ನಿಂತಾಗಲೇ.

ಬಾಬಾ ಸಂಜೆ ಬಂದಾಗ ಸುದ್ದಿ ಅವರಿಗಿಂತ ಮೊದಲೇ ಮೆಟ್ಟಿಲ ಬುಡಕ್ಕೆ ತಲುಪಿತ್ತು. ಪಾಲಿಶಿನ ಕಲೆಯ ಕೈಗಳನ್ನು ಹಿಂದೆ ಕಟ್ಟಿಕೊಂಡು ಬಾಗಿಲಲ್ಲೇ ನಿಂತರು. "ನಿನ್ನ ಪಾಠಕ್ಕೆ ಉಳೀಲಿ ಅಂತ ಮಾಡಿದ್ದಮ್ಮಾ. ಪರೀಕ್ಷೆಗೇ ಅಡ್ಡ ಬರತ್ತೆ ಅಂತ ಗೊತ್ತಿರಲಿಲ್ಲ," ಎಂದರು. ನಾನು ಆ ಕೈಗಳನ್ನು ಹಿಡಿದುಕೊಂಡೆ. ಮಾತಿನಲ್ಲಿ ಹೇಳುವುದು ನನಗೆ ಅಷ್ಟಾಗಿ ಬರುವುದಿಲ್ಲ.

ಹನ್ನೊಂದು ದಿನಕ್ಕೆ ಪಟ್ಟಿ ಬಂತು. ಇಪ್ಪತ್ತರಲ್ಲಿ ನನ್ನ ಹೆಸರು ಹದಿನಾಲ್ಕನೆಯದು. ನಮ್ಮಲ್ಲಿ ವಾರದ ಮೊದಲ ಕೆಲಸದ ದಿನವಾದ ಭಾನುವಾರ ತರಗತಿ ಶುರುವಾಗುತ್ತದೆ. ಈಗ ದಿನಾ ಬೆಳಿಗ್ಗೆ ಅಬ್ಲಾ ಇನ್ಸಾಫರ ಬ್ರೆಡ್ಡು, ಹಾಲು ತಂದುಕೊಡುವುದನ್ನು ನಾನೇ ವಹಿಸಿಕೊಂಡಿದ್ದೇನೆ. ಅವರು ಬೇಡವೆಂದರು, ನಾನು ಕೇಳಲಿಲ್ಲ.