ಕಾಗೆಗೆ ಕೊಟ್ಟ ಮಾತು

ಗೌಡಗೆರೆ ಕಡೆಯ ನಮ್ಮೂರಿನ ಕೆರೆ ಏರಿಯ ಹಿಂದೆ ಒಂದು ಹಾಸುಬಂಡೆ. ಅದರ ಮೇಲೆ ಅಂದು ಅತ್ತೆ, ನಮ್ಮಮ್ಮ, ನಾನು, ಊರಿಗೆ ನೀರು ಬಿಡುವ ವಾಟರ್‌ಮನ್, ಹೊಟ್ಟೆ ಹಸಿದ ಅರ್ಧ ಊರು, ಜೊತೆಗೆ ಎರಡು ಚುನಾವಣೆಯಲ್ಲಿ ಮಾವನ ಎದುರು ಸೋತಿದ್ದ ಅವರ ಸ್ಕೂಲಿನ ಗೆಳೆಯ, ಎಲ್ಲರೂ ಇದ್ದೆವು. ಮಾವ ಒಬ್ಬರಿರಲಿಲ್ಲ. ಅವರದೇ ಹನ್ನೊಂದನೇ ದಿನದ ತಿಥಿ.

ಮಾವ, ಅಂದರೆ ಅಮ್ಮನ ತಮ್ಮ, ಪಂಚಾಯ್ತಿ ಅಧ್ಯಕ್ಷರು. ಅಧಿಕಾರದಲ್ಲಿದ್ದಾಗಲೇ, ಆಫೀಸಿನ ಕುರ್ಚಿಯಲ್ಲೇ, ಅರ್ಧ ಲೋಟ ಟೀ ಕುಡಿದು ಹೊರಟುಬಿಟ್ಟರು. "ಈ ಕುರ್ಚಿಯಿಂದ ನನ್ನ ಯಾವನೂ ಇಳ್ಸಕ್ಕಾಗಲ್ಲ" ಅನ್ನುತ್ತಿದ್ದರು. ಕೊನೆಗೆ ನಾಲ್ಕು ಜನ ಸೇರಿ ಇಳಿಸಬೇಕಾಯಿತು. ಕೊನೇ ಬೀದಿಗೆ ನಲ್ಲಿ ಹಾಕಿಸಲೆಂದು ಅವರು ತೋಡಿಸಿದ್ದ ಗುಂಡಿಗಳು ಪೈಪಿಲ್ಲದೆ ಹಾಗೇ ಬಾಯಿ ತೆರೆದುಕೊಂಡಿದ್ದವು. ಅದನ್ನು ಮುಗಿಸಬೇಕು, ಅದಕ್ಕಾಗಿ ಮಾವನ ಸೀಟಿಗೆ ತಾನೇ ನಿಲ್ಲಬೇಕು ಎಂಬುದು ಅತ್ತೆಯ ಹಟ. ಆ ಗೆಳೆಯರೋ, ಮೂರನೇ ದಿನ ಹಾಲು-ತುಪ್ಪಕ್ಕೆ ಬಂದವರೇ "ಉಪಚುನಾವಣೇಲಿ ನಾನು ನಿಲ್ತಾ ಇದ್ದೀನಿ" ಎಂದು ಅಂಗಳದಲ್ಲೇ ಹೇಳಿ ಹೋಗಿದ್ದರು. ಈ ಸಲ ಓಟುಗಳೂ ಅವರ ಕಡೆಗೇ ವಾಲಿದ್ದವು. ಅವರು ನಿಂತರೆ ಅತ್ತೆ ಸೋಲುವುದು ಖಾತ್ರಿ.

ಬಂಡೆಯ ಮೇಲೆ ಎಡೆ ಇಟ್ಟಿದ್ದಾಯಿತು. ಮುದ್ದೆ, ಕೋಳಿ ಸಾರು, ಹೋಳಿಗೆ, ಬೇಯಿಸಿದ ಮೊಟ್ಟೆ, ಅರ್ಧ ಲೋಟ ಟೀ. ಕಾಗೆ ಮುಟ್ಟಿದ ಮೇಲೇ ನಮ್ಮ ಊಟ. ಕಾಗೆ ಬಂತು, ಆದರೆ ಪಕ್ಕದ ಜಾಲಿಮರ ಬಿಟ್ಟು ಇಳಿಯಲಿಲ್ಲ. ಹಾಗಾದರೆ ಸತ್ತವರಿಗೆ ಏನೋ ಆಸೆ ಉಳಿದಿದೆ ಎಂದರ್ಥ. ಇದ್ದವರು ಒಬ್ಬೊಬ್ಬರಾಗಿ ಮುಂದೆ ಬಂದು ಮಾತು ಕೊಡಬೇಕು.

"ನಿನ್ನ ಬೈಕ್ ಮಾರಲ್ಲ ಮಾವ" ಎಂದೆ ನಾನು. ಕಾಗೆ ರೆಕ್ಕೆ ಕೆದರಿಕೊಂಡಿತು, ಅಷ್ಟೇ.

"ಪೈಪ್‌ಲೈನ್ ನಾನ್ ಮುಗಿಸ್ತೀನಿ, ಬಾ" ಎಂದರು ಅತ್ತೆ. ಅದು ಕತ್ತು ಓರೆ ಮಾಡಿ ನೋಡಿತು.

ವಾಟರ್‌ಮನ್ ಕೈಮುಗಿದ. "ಅಣ್ಣಾ, ಇನ್ಮೇಲೆ ದಿನಾ ನೀರು ಬುಡ್ತೀನಿ."

"ಅದುನ್ನ ಕಾಗೇನೂ ನಂಬಲ್ಲ, ಬುಡ್ಲಾ" ಎಂದರು ಹಿಂದಿನಿಂದ ಯಾರೋ. ನಾನು ಟವಲ್ಲು ಬಾಯಿಗೆ ತುರುಕಿಕೊಂಡೆ.

ನೆತ್ತಿ ಸುಡುತ್ತಿತ್ತು. ಕೋಳಿ ಸಾರಿನ ವಾಸನೆ ಎಲ್ಲರ ಪ್ರಾಣ ತೆಗೆಯುತ್ತಿತ್ತು. ಅಮ್ಮ ಮಾವನ ಗೆಳೆಯರ ಕಡೆ ತಿರುಗಿದಳು. "ನೀನೂ ಒಂದು ಮಾತು ಹೇಳಪ್ಪ."

ಅವರು ಚಪ್ಪಲಿ ಬಿಟ್ಟು ಮುಂದೆ ಬಂದರು. "ಬಾರ್ಲಾ, ಉಣ್ಣು. ನಿನ್ ಫೋಟೊ ನಮ್ಮನೇಲೂ ಹಾಕ್ತೀನಿ."

ಕಾಗೆ ಅವರಿಗೆ ಬೆನ್ನು ತಿರುಗಿಸಿ ಕೂತಿತು.

"ನಮ್ ತಮ್ಮ ಕೇಳ್ತಿರೋದು ಅದಲ್ಲ" ಎಂದಳು ಅಮ್ಮ, ಮೆಲ್ಲಗೆ. ಅರ್ಧ ಊರು ಅವರನ್ನೇ ನೋಡಿತು. ಅವರು ಕಾಗೆಯನ್ನು ನೋಡಿದರು, ಸಾರಿನ ಪಾತ್ರೆಯನ್ನು ನೋಡಿದರು, ಕೊನೆಗೆ ಅತ್ತೆಯನ್ನು.

"ಆಯ್ತು ಕಣ್ಲಾ. ನಿನ್ ಹೆಂಡ್ತಿ ಎದುರಿಗೆ ನಾನು ನಿಲ್ಲಲ್ಲ. ಈಗ್ಲಾದ್ರೂ ಇಳಿ."

ಸರ್ರನೆ ಇಳಿಯಿತು. ಮುದ್ದೆ ಬಿಟ್ಟು, ಹೋಳಿಗೆ ಬಿಟ್ಟು, ಮೊಟ್ಟೆ ಕಚ್ಚಿಕೊಂಡು ಹಾರಿಹೋಯಿತು.

"ಸ್ಕೂಲಲ್ಲೂ ಇಂಗೇ" ಎಂದರು ಗೆಳೆಯರು, ಕಣ್ಣು ಒರೆಸಿಕೊಳ್ಳುತ್ತ. "ನನ್ ಡಬ್ಬೀಲಿ ಬರೀ ಮೊಟ್ಟೆ ಕದೀತಿದ್ದ."

ಮೊದಲು ನಕ್ಕವರು ಅತ್ತೆ. ಹನ್ನೊಂದು ದಿನಕ್ಕೆ ಅದೇ ಮೊದಲು. ಸೆರಗು ಬಾಯಿಗೆ ಒತ್ತಿಕೊಂಡು ಬಂಡೆಯ ಮೇಲೇ ಕೂತುಬಿಟ್ಟರು. ಆಮೇಲೆ ಯಾರನ್ನೂ ಹಿಡಿಯುವ ಹಾಗಿರಲಿಲ್ಲ. ಅಳಲು ಬಂದಿದ್ದ ನೆಂಟರೆಲ್ಲ ಒಬ್ಬರ ಭುಜಕ್ಕೊಬ್ಬರು ಒರಗಿ ನಕ್ಕರು. ಅಮ್ಮನಿಗೆ ಬಿಕ್ಕಳಿಕೆ ಹತ್ತಿತು. ಬಡಿಸುವವರು ನಗುತ್ತಲೇ ಸುರಿದ ಸಾರೆಲ್ಲ ಎಲೆಯಿಂದಾಚೆ ಹರಿಯಿತು.

ಮಾರನೆಯ ದಿನ ಆ ಗೆಳೆಯರ ಕಡೆಯ ಹುಡುಗರು ಗಲಾಟೆ ಮಾಡಿದರಂತೆ: "ಕಾಗೆಗೆ ಹೇಳಿದ್ದಕ್ಕೆಲ್ಲ ಬೆಲೆ ಏನಣ್ಣ?"

"ಮನುಷ್ಯರಿಗೆ ಹೇಳಿದ್ರೆ ಹೆಂಗೋ ತಪ್ಪಿಸ್ಕೋಬೋದು ಕಣ್ರಲಾ" ಅಂದರಂತೆ ಅವರು.

ನಾಮಪತ್ರದ ಕೊನೆಯ ದಿನ ಅತ್ತೆಯ ಅರ್ಜಿಗೆ ಸೂಚಕರಾಗಿ ಸಹಿ ಹಾಕಿದವರು ಅವರೇ. ಬೇರೆ ಯಾರೂ ಅರ್ಜಿ ಹಾಕಲಿಲ್ಲ. ಅತ್ತೆ ಅವಿರೋಧವಾಗಿ ಗೆದ್ದರು. ಯುಗಾದಿಗೆ ಮುಂಚೆ ಕೊನೇ ಬೀದಿಯ ನಲ್ಲಿಯಲ್ಲಿ ನೀರು ಬಂತು.