ಗುಂಡಿಯಕ್ಕನ ಪುಟ್ಟ ರೇಡಿಯೊ

ಹೊಲಿಗೆ ಅಂಗಡಿಯಲ್ಲಿ ಅಂಗಿಗಳಿಗೆ ಗುಂಡಿ ಹಾಕುತ್ತಿದ್ದವಳನ್ನು ಓಣಿಯವರೆಲ್ಲ ಗುಂಡಿಯಕ್ಕ ಎಂದೇ ಕರೆಯುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಹಿತ್ತಲ ಕೋಣೆ ಅವಳ ಪಾಲಿಗೆ ಬಂತು. ಮುಂದಿನ ಮನೆ, ಪಡಸಾಲೆ, ಅಲ್ಲಿ ಕಸೂತಿ ಬಟ್ಟೆ ಹೊದ್ದು ಕೂತಿದ್ದ ದೊಡ್ಡ ರೇಡಿಯೊ, ಎಲ್ಲವೂ ಹಿರಿ ಓರಗಿತ್ತಿಗೆ.

ಭಾನುವಾರದ ಧಾರಾವಾಹಿ ನಾಟಕವೆಂದರೆ ಗುಂಡಿಯಕ್ಕನಿಗೆ ಜೀವ. ಕಿಟಕಿಯ ಹೊರಗೆ ನಿಂತಾದರೂ ಕೇಳುತ್ತಿದ್ದಳು. ಒಂದು ನಾಟಕ ಮುಗಿಯುವ ದಿನ, ತಾಯಿ ಕಳೆದುಹೋದ ಮಗಳ ಗುರುತು ಹಿಡಿಯುವ ಹೊತ್ತಿಗೆ ಸರಿಯಾಗಿ, ಓರಗಿತ್ತಿ ಇವಳನ್ನು ಕಂಡು ಎದ್ದು ರೇಡಿಯೊದ ಕಿವಿ ಹಿಂಡಿದಳು.

“ಸುಮ್ನೆ ಕರೆಂಟು ದಂಡ ಕಣೇ.”

ತಾನು ಕೇಳದಿದ್ದರೂ ಚಿಂತೆಯಿಲ್ಲ, ಇವಳು ಕೇಳಬಾರದು. ಎಂಥ ಹೆಂಗಸು ನೋಡಿ! ಮೈ ಉರಿಯದೆ ಇರುತ್ತದೆಯೇ? ಗುಂಡಿಯಕ್ಕ ಹಲ್ಲು ಕಚ್ಚಿಕೊಂಡು ಹಿತ್ತಲಿಗೆ ಹೋದಳು.

ಕೆಲವು ವರ್ಷಗಳಲ್ಲಿ ಅಂಗೈಯಗಲದ ಟ್ರಾನ್ಸಿಸ್ಟರುಗಳು ಪೇಟೆಗೆ ಬಂದವು. ಹಾಲಿನವನ ಸೈಕಲ್ಲಿಗೂ ಕ್ಷೌರದಂಗಡಿಯ ಮೊಳೆಗೂ ಒಂದೊಂದು ನೇತಾಡತೊಡಗಿತು. ಗುಂಡಿಯಕ್ಕ ಹೊಟ್ಟೆಬಟ್ಟೆ ಕಟ್ಟಿ ಒಂದನ್ನು ತಂದಳು. ಅಂಗಡಿಯ ಚೂರುಬಟ್ಟೆಯಲ್ಲಿ ಅದಕ್ಕೊಂದು ಚೀಲ ಹೊಲಿದು, ಗುಂಡಿ ಹಾಕಿ, ಹೆಗಲಿಗೆ ನೇತುಹಾಕಿಕೊಂಡಳು. ನೀರಿಗೆ ಹೋದರೂ ಅದು, ಬಟ್ಟೆ ಒಗೆದರೂ ಅದು. ಓರಗಿತ್ತಿಯ ಕಿಟಕಿ ಬಂದಾಗ ಮಾತ್ರ ದನಿ ಇನ್ನೂ ಜೋರು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಓರಗಿತ್ತಿಯರಿಗೆ ಬೇರೆ ಕಾನೂನಿದೆಯೇ?

ಆದರೂ ಹಳೆಯ ಸೇಡು ತೀರಿರಲಿಲ್ಲ. ಹೊಸ ನಾಟಕವೊಂದು ಓಣಿಯವರನ್ನೆಲ್ಲ ಕುತೂಹಲದಲ್ಲಿ ಬೇಯಿಸಿ ಕೊನೆಯ ಕಂತಿಗೆ ಬಂದಿತ್ತು. ಜಮೀನ್ದಾರನಿಗೆ ವಿಷ ಹಾಕಿದವರು ಯಾರು ಎಂಬುದು ಅಂದು ತಿಳಿಯಬೇಕು. ಅರ್ಧದಲ್ಲೇ ಕರೆಂಟು ಹೋಗಿ ಪಡಸಾಲೆಯ ರೇಡಿಯೊ ಮೂಕವಾಯಿತು. ಹಿತ್ತಲಿನತ್ತ ಎಂದೂ ತಲೆ ಹಾಕದ ಓರಗಿತ್ತಿ ಓಡೋಡಿ ಬಂದು ಗುಂಡಿಯಕ್ಕನ ಹೊಸ್ತಿಲ ಹೊರಗೆ ನಿಂತಳು.

“ಸ್ವಲ್ಪ ಜೋರಾಗಿ ಇಡೇ, ನಿನ್ ದಮ್ಮಯ್ಯ.”

ನಾಟಕದ ವೈದ್ಯ ಹೆಸರು ಹೇಳಲು ಬಾಯಿ ತೆರೆದಿದ್ದ. ಗುಂಡಿಯಕ್ಕ ಓರಗಿತ್ತಿಯ ಮುಖವನ್ನೇ ನೋಡುತ್ತ ಟಕ್ಕೆಂದು ಕಿವಿ ಹಿಂಡಿದಳು.

“ಸುಮ್ನೆ ಸೆಲ್ಲು ದಂಡ ಅಕ್ಕ.”

ಓರಗಿತ್ತಿ ಬಂದ ದಾರಿ ಹಿಡಿದಳು. ಗುಂಡಿಯಕ್ಕನಿಗೆ ಸ್ವರ್ಗಕ್ಕೆ ಮೂರೇ ಗೇಣು. ಆ ಖುಷಿಯಲ್ಲಿ ಎಷ್ಟು ಹೊತ್ತು ಕೂತಳೋ, ನೆನಪಾಗಿ ಮತ್ತೆ ತಿರುಗಿಸಿದರೆ ನಾಟಕ ಮುಗಿದು ಅಡಿಕೆ, ಕೊಬ್ಬರಿಯ ಪೇಟೆಧಾರಣೆ ಬರುತ್ತಿತ್ತು.

ಓಣಿಯ ಮನೆಮನೆಯ ಟ್ರಾನ್ಸಿಸ್ಟರೂ ಆ ಹೆಸರು ಹೇಳಿತ್ತು. ಯಾರನ್ನಾದರೂ ಕೇಳಲು ಬಿಗುಮಾನ ಬಿಡದೆ, ಗೊತ್ತಿಲ್ಲದೆ ಉಳಿದವರು ಇವರಿಬ್ಬರೇ. ಹೋಗಲಿ, ಅವಳಿಗೂ ಗೊತ್ತಿಲ್ಲವಲ್ಲ ಎಂದು ಗುಂಡಿಯಕ್ಕ ಹೊಟ್ಟೆ ತಣ್ಣಗೆ ಮಾಡಿಕೊಂಡಳು.